ತಾಲ್ಲೂಕು ಕೋರ್ಟು ಸೋತವರ ತಂಗುದಾಣವಲ್ಲ

ಕಾನೂನು ಓದಿದ ಹುಡುಗನೋ ಹುಡುಗಿಯೋ ಗುಂಡ್ಲುಪೇಟೆಯಲ್ಲೇ ವಕೀಲಿಕೆಗೆ ಕೂತರೆ ಊರವರು ಕೇಳುವ ಮೊದಲ ಪ್ರಶ್ನೆ ಒಂದೇ: ಬೆಂಗಳೂರಿನಲ್ಲಿ ಎಲ್ಲೂ ಆಗಲಿಲ್ಲವೇ? ಕೇಳುವವರಲ್ಲಿ ಕೆಟ್ಟ ಮನಸ್ಸಿಲ್ಲ. ಆದರೆ ಆ ಪ್ರಶ್ನೆಯ ಒಳಗೆ ಒಂದು ಇಡೀ ಶ್ರೇಣಿ ಅಡಗಿದೆ. ಮೇಲ್ಗಡೆ ಕಂಪನಿಗಳ ಒಪ್ಪಂದ ಬರೆಯುವ ಕಾರ್ಪೊರೇಟ್ ವಕೀಲರು. ಅವರ ಕೆಳಗೆ ಹೈಕೋರ್ಟಿನ ರಿಟ್ ಅರ್ಜಿಯವರು. ಅದಕ್ಕೂ ಕೆಳಗೆ ಜಿಲ್ಲಾ ಕೋರ್ಟಿನ ಸಿವಿಲ್, ಕ್ರಿಮಿನಲ್ ವಕೀಲರು. ತಳದಲ್ಲಿ ಜಮೀನು ಪಾಲು, ಜೀವನಾಂಶ, ಅಪಘಾತ ಪರಿಹಾರ, ಜಾಮೀನು ಎಂದು ತಾಲ್ಲೂಕು ಕೋರ್ಟಿನ ವರಾಂಡದಲ್ಲಿ ಓಡಾಡುವವರು. ಅರಣ್ಯ ಹಕ್ಕಿನ ಅರ್ಜಿ ಬರೆಯುವವರಿಗೆ ಈ ಏಣಿಯಲ್ಲಿ ಮೆಟ್ಟಿಲೇ ಇಲ್ಲ.

ಕಾನೂನು ಕಾಲೇಜು, ವಕೀಲರ ಮನೆ, ವಕೀಲರ ಸಂಘ, ಸರ್ಕಾರ, ಎಲ್ಲರೂ ಈ ಶ್ರೇಣಿಯನ್ನು ಪ್ರಕೃತಿಯ ನಿಯಮವೆಂಬಂತೆ ಒಪ್ಪಿಕೊಂಡಿದ್ದಾರೆ. ಪ್ರತಿಭೆ ಇದ್ದವರು ಮೇಲೆ ಹೋಗುತ್ತಾರೆ, ಇಲ್ಲದವರು ಊರಲ್ಲಿ ಉಳಿಯುತ್ತಾರೆ ಎಂಬುದು ಅವರ ತರ್ಕ. ಈ ತರ್ಕ ಸುಳ್ಳು. ಅದರಿಂದ ಆಗುತ್ತಿರುವ ಹಾನಿ ದೊಡ್ಡದು. ಆ ಹಾನಿಯನ್ನು ಹೊರುತ್ತಿರುವವರು ಬೆಂಗಳೂರಿನಲ್ಲಿಲ್ಲ, ಮದ್ದೂರಿನಂಥ ಊರುಗಳಲ್ಲಿದ್ದಾರೆ.

ಮದ್ದೂರು ಎಂದರೆ ಹೆಚ್ಚಿನವರಿಗೆ ಮಂಡ್ಯ ಜಿಲ್ಲೆಯ ವಡೆಯ ಊರು. ಇಲ್ಲಿ ಹೇಳುತ್ತಿರುವುದು ಚಾಮರಾಜನಗರ ಜಿಲ್ಲೆಯ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯ ಮದ್ದೂರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಇದೇ ಹೆಸರು. ಒಂದು ಕಡೆ ಅರಿಶಿನ, ಚೆಂಡು ಹೂವಿನ ಹೊಲ, ಇನ್ನೊಂದು ಕಡೆ ಕಾಡು. ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಸೋಲಿಗರ ಹಾಡಿಗಳು. ರಸ್ತೆ ಮುಂದೆ ಮೂಲೆಹೊಳೆ ದಾಟಿದರೆ ಕೇರಳ. ಕೂಲಿಗೆ ವಯನಾಡಿಗೆ, ಕೊಡಗಿಗೆ ಹೋಗಿ ಬರುವ ಜನ. ಹೈಕೋರ್ಟ್ ಇರುವ ಬೆಂಗಳೂರು ಸುಮಾರು 200 ಕಿ.ಮೀ. ದೂರ.

ಈ ಒಂದು ಪ್ರದೇಶದಲ್ಲಿ ಎಷ್ಟು ಕಾನೂನುಗಳು ಬಂದು ಕೂಡುತ್ತವೆ ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 2006ರ ಅರಣ್ಯ ಹಕ್ಕು ಕಾಯ್ದೆ, ಭೂ ಕಂದಾಯ ಕಾಯ್ದೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ, ಮೋಟಾರು ವಾಹನ ಕಾಯ್ದೆ, ಗಣಿ ಕಾರ್ಮಿಕರಿಗೆ ಅನ್ವಯಿಸುವ ನೌಕರರ ಪರಿಹಾರದ ಕಾನೂನು. ಬೆಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ಇವುಗಳಿಗೆ ಏಳು ವಿಭಾಗ, ಏಳು ಮಂದಿ ತಜ್ಞರು ಇರುತ್ತಾರೆ. ಗುಂಡ್ಲುಪೇಟೆಯ ವಕೀಲರ ಮುಂದೆ ಇವೆಲ್ಲ ಒಂದೇ ವಾರದಲ್ಲಿ, ಕೆಲವೊಮ್ಮೆ ಒಂದೇ ಕುಟುಂಬದ ಹೆಸರಿನಲ್ಲಿ ಬಂದು ನಿಲ್ಲುತ್ತವೆ. ಹಾಗಿರುವಾಗ ಯಾವ ಕೆಲಸ ಸುಲಭ, ಯಾವುದು ಕಷ್ಟ?

ಮೊದಲ ಆರೋಪ ಇಲ್ಲಿಂದಲೇ ಶುರುವಾಗುತ್ತದೆ. ತಾಲ್ಲೂಕಿನ ವಕೀಲಿಕೆಗೆ ಬುದ್ಧಿ ಬೇಕಿಲ್ಲ ಎಂದು ಹೇಳುವವರು ಆ ಕೆಲಸವನ್ನು ಹತ್ತಿರದಿಂದ ನೋಡಿಲ್ಲ. ಒಂದು ಜಮೀನಿನ ದಾವೆ ತೆಗೆದುಕೊಳ್ಳಿ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಒಬ್ಬರ ಹೆಸರಿರುತ್ತದೆ, ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲ ಏರಿರುತ್ತದೆ, ಸಾಗುವಳಿ ಮಾಡುತ್ತಿರುವವರು ಮತ್ತೊಬ್ಬರಾಗಿರುತ್ತಾರೆ. ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ಕೆಲವು ಗುಂಟೆ ವ್ಯತ್ಯಾಸ. ಪೋಡಿ ಆಗಿರುವುದಿಲ್ಲ. ಹಳೆಯ ಟಿಪ್ಪಣಿ ಹರಿದಿರುತ್ತದೆ. ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ಆದ ಪಾಲು ಯಾವ ಮ್ಯುಟೇಷನ್‌ನಲ್ಲೂ ಕಾಣಿಸದು. ಇದನ್ನೆಲ್ಲ ಓದಿ, ಇತಿಹಾಸ ಜೋಡಿಸಿ, ಅಕ್ಷರ ಬಾರದ ಎಂಬತ್ತರ ಅಜ್ಜಿಯಿಂದ ಕೋರ್ಟಿಗೆ ಒಪ್ಪಿಗೆಯಾಗುವ ಸಾಕ್ಷ್ಯ ಹೇಳಿಸಬೇಕು. ಆಕೆಯ ಮಾತು ಚಾಮರಾಜನಗರ ಸೀಮೆಯ ಕನ್ನಡ, ದಾಖಲೆಯದ್ದು ಕಂದಾಯ ಇಲಾಖೆಯ ಕನ್ನಡ, ಕಾಯ್ದೆ ಇಂಗ್ಲಿಷು. ಮೂರನ್ನೂ ಬಲ್ಲ ವಕೀಲರನ್ನು ಗತಿಯಿಲ್ಲದೆ ಉಳಿದವರು ಎಂದು ಕರೆಯುವ ಧೈರ್ಯ ಯಾರಿಗೆ ಬರುತ್ತದೆ?

ಇನ್ನು ಅಪಘಾತದ ಪ್ರಕರಣ. ಊಟಿಗೆ ಹೋಗುವ ರಸ್ತೆ, ವಯನಾಡಿಗೆ ಹೋಗುವ ರಸ್ತೆ ಎರಡೂ ಗುಂಡ್ಲುಪೇಟೆಯಲ್ಲೇ ಕವಲೊಡೆಯುತ್ತವೆ. ಕೂಲಿಗೆ ಹೊರಟ ಇಪ್ಪತ್ತೆಂಟು ವರ್ಷದ ಗಂಡಾಳು ರಸ್ತೆಯಲ್ಲಿ ಸತ್ತನೆಂದಿಟ್ಟುಕೊಳ್ಳಿ. ಅವನಿಗೆ ಸಂಬಳದ ಚೀಟಿ ಇರುವುದಿಲ್ಲ. ತಿಂಗಳ ಆದಾಯ ಎಷ್ಟೆಂದು ರುಜುವಾತು ಮಾಡುವುದು ವಕೀಲರ ಕೆಲಸ. ಮೇಸ್ತ್ರಿಯನ್ನು ಕರೆತಂದು ಸಾಕ್ಷಿ ಹೇಳಿಸಿ, ನ್ಯಾಯಮಂಡಳಿ ಊಹಿಸುವ ಆದಾಯಕ್ಕಿಂತ ತಿಂಗಳಿಗೆ ಬರೀ 3,000 ರೂಪಾಯಿ ಹೆಚ್ಚು ಸಾಬೀತು ಮಾಡಿದರೆ ಏನಾಗುತ್ತದೆ? ಸುಪ್ರೀಂ ಕೋರ್ಟ್ ಸರಳಾ ವರ್ಮ (2009) ಮತ್ತು ಪ್ರಣಯ್ ಸೇಥಿ (2017) ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕದಂತೆ ನಲವತ್ತರೊಳಗಿನ ಸ್ವಯಂ ದುಡಿಮೆಯವನಿಗೆ ಭವಿಷ್ಯದ ಆದಾಯವೆಂದು ಶೇ 40 ಸೇರುತ್ತದೆ, 4,200 ಆಯಿತು. ಅವನ ಸ್ವಂತ ಖರ್ಚೆಂದು ಮೂರನೇ ಒಂದು ಪಾಲು ಕಳೆದರೆ 2,800. ವರ್ಷಕ್ಕೆ 33,600. ಆ ವಯಸ್ಸಿನ ಗುಣಕ 17. ಗುಣಿಸಿದರೆ 5,71,200 ರೂಪಾಯಿ. ಒಬ್ಬ ಸಾಕ್ಷಿಯನ್ನು ಸರಿಯಾಗಿ ವಿಚಾರಣೆ ಮಾಡಿದ್ದಕ್ಕೂ ಮಾಡದಿದ್ದಕ್ಕೂ ಇರುವ ವ್ಯತ್ಯಾಸ ಇದು. ಹಾಡಿಯ ವಿಧವೆಯೊಬ್ಬಳ ಪಾಲಿಗೆ ಇದು ಮಕ್ಕಳ ಓದು, ಮನೆಯ ಸೂರು, ಸಾಲದಿಂದ ಬಿಡುಗಡೆ. ಅದೇ ಸಾವು ಕೇರಳದ ಗಡಿಯೊಳಗೆ ಆಗಿದ್ದರೂ ಆಕೆ ಅಲ್ಲಿಗೆ ಅಲೆಯಬೇಕಿಲ್ಲ, ತಾನು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು ಎಂದು ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಹೇಳುತ್ತದೆ. ಇದನ್ನು ಆಕೆಗೆ ತಿಳಿಸುವವರು ಯಾರು? ಊರಿನ ಸಮೀಪ ನುರಿತ ವಕೀಲರಿಲ್ಲದಿದ್ದರೆ ಮೊದಲು ತಲುಪುವುದು ದಲ್ಲಾಳಿ.

ಎರಡನೆಯ ಆರೋಪ: ಈ ಶ್ರೇಣಿ ನ್ಯಾಯದಾನದ ಬುಡವನ್ನೇ ತಲೆಕೆಳಗಾಗಿ ನೋಡುತ್ತದೆ. ಸಾಕ್ಷ್ಯ ದಾಖಲಾಗುವುದು ವಿಚಾರಣಾ ನ್ಯಾಯಾಲಯದಲ್ಲಿ. ಅಲ್ಲಿ ಕೇಳದ ಪ್ರಶ್ನೆಯನ್ನು ದೆಹಲಿಯ ಅತಿ ದುಬಾರಿ ಹಿರಿಯ ವಕೀಲರೂ ಮತ್ತೆ ಕೇಳಲಾರರು. ಮೇಲ್ಮನವಿಯಲ್ಲಿ ಓದುವುದು ಕೆಳಗಿನ ಕೋರ್ಟಿನಲ್ಲಿ ಬರೆದಿಟ್ಟ ಕಾಗದವನ್ನೇ. ಕೆಳಗೆ ಪಾಟಿ ಸವಾಲು ಹಾಳಾಗಿದ್ದರೆ ಮೇಲಿನ ವಾದ ಎಷ್ಟೇ ಚೆಂದವಿದ್ದರೂ ಕಕ್ಷಿದಾರ ಜೈಲಿನಲ್ಲೇ ಇರುತ್ತಾನೆ, ಜಮೀನು ಹೋಗಿಯೇ ಹೋಗುತ್ತದೆ.

ಚಾಮರಾಜನಗರ ಜಿಲ್ಲೆಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿ, ಹಾಡಿಗಳಿಂದ ಹಿಡಿದು ತಂದವರ ಮೇಲೆ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆ ಹೇರಲಾಯಿತು. ಹೆಂಗಸರೂ ಅವರಲ್ಲಿದ್ದರು. ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದು 2001ರಲ್ಲಿ ವಿಶೇಷ ನ್ಯಾಯಾಲಯದ ತೀರ್ಪು ಬಂದಾಗ ನೂರಕ್ಕೂ ಹೆಚ್ಚು ಮಂದಿ ಖುಲಾಸೆಯಾದರು. ಆ ಬೇಟೆಗೆ ನಿಂತಿದ್ದ ಪೊಲೀಸ್ ಕಾರ್ಯಪಡೆಯ ದೌರ್ಜನ್ಯದ ಬಗ್ಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ವಿಚಾರಣೆ ನಡೆಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಬಂಧನವಾದ ದಿನವೇ ಪ್ರತಿಯೊಬ್ಬರಿಗೂ ತಮ್ಮ ಭಾಷೆ ಬಲ್ಲ, ಕ್ರಿಮಿನಲ್ ಕಾನೂನಿನಲ್ಲಿ ಪಳಗಿದ ವಕೀಲರು ಸಿಕ್ಕಿದ್ದರೆ ಎಷ್ಟು ಮಂದಿಯ ಎಷ್ಟು ವರ್ಷ ಉಳಿಯುತ್ತಿತ್ತು? ಜಾಮೀನು ಅರ್ಜಿಯನ್ನು ಕೆಳದರ್ಜೆಯ ಕೆಲಸ ಎನ್ನುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಸಂತ್ರಸ್ತರ ಕಡೆಯ ಕಾನೂನೂ ಇದೇ ನೆಲದಿಂದ ಎದ್ದಿದೆ. 1992ರಲ್ಲಿ ಮೀಣ್ಯಂ ಬಳಿ ವೀರಪ್ಪನ್ ತಂಡ ಕೊಂದ ಪೊಲೀಸರಲ್ಲಿ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಒಬ್ಬರು. 2000ದಲ್ಲಿ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಟಾಡಾ ಆರೋಪಗಳನ್ನು ಕೈಬಿಡಲು ಸರ್ಕಾರ ಮುಂದಾಯಿತು. ಆಗ ಶಕೀಲ್ ಅವರ ತಂದೆ ಅಬ್ದುಲ್ ಕರೀಂ ನ್ಯಾಯಾಲಯದ ಮೆಟ್ಟಿಲೇರಿದರು, ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮಕ್ಕೆ ತಡೆ ಹಾಕಿತು. ಪ್ರಾಸಿಕ್ಯೂಷನ್ ಹಿಂತೆಗೆದುಕೊಳ್ಳುವ ಅಧಿಕಾರಕ್ಕೆ ಎಲ್ಲೆ ಎಲ್ಲಿದೆ ಎಂದು ದೇಶದ ವಕೀಲರು ಇಂದಿಗೂ ಉಲ್ಲೇಖಿಸುವ ಆ ತೀರ್ಪಿನ ಬೇರು ಇರುವುದು ಕೊಳ್ಳೇಗಾಲದ ಕಾಡಿನಲ್ಲಿ.

ಸಣ್ಣ ಊರಿನ ಸಣ್ಣ ಕೇಸು ಎಂಬ ಮಾತನ್ನು ನಮ್ಮ ನ್ಯಾಯಾಂಗದ ಇತಿಹಾಸವೇ ಮತ್ತೆ ಮತ್ತೆ ಸುಳ್ಳು ಮಾಡಿದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆಂದು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಿಂದ ಸಂವಿಧಾನಕ್ಕೆ ಮೂಲ ಸ್ವರೂಪದ ರಕ್ಷಣೆ ಬಂತು. ಹೆಣ್ಣುಮಕ್ಕಳ ಪಿತ್ರಾರ್ಜಿತ ಹಕ್ಕಿನ ಪ್ರಶ್ನೆಯಲ್ಲಿ ಫೂಲವತಿ (2015), ದಾನಮ್ಮ (2018) ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕದ ಪಾಲುವಿಭಾಗದ ದಾವೆಗಳಿಂದಲೇ. ಆ ಎರಡು ತೀರ್ಪುಗಳ ನಡುವಿನ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ತೀರ್ಪು ಬಗೆಹರಿಸಿತು. ಇಂದು ಗುಂಡ್ಲುಪೇಟೆಯ ಮಗಳೊಬ್ಬಳು ಅಣ್ಣನ ಎದುರು ಸರಿಸಮ ಪಾಲು ಕೇಳುವಾಗ ಅವಳ ಕೈಯಲ್ಲಿರುವ ಕಾನೂನು ಬಂದದ್ದು ಈ ದಾರಿಯಲ್ಲಿ. ಪಾಲಿನ ದಾವೆ ಸಣ್ಣದಾಗಿದ್ದು ಯಾವಾಗ?

ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನೂ ನೆನೆಯಬೇಕು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲಿಸಿದರು. ಒತ್ತಡಕ್ಕೆ ಮಣಿದು ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಳ್ಳಲಾಯಿತು. ವಕೀಲ ಎಲ್. ಶ್ರೀನಿವಾಸ ಬಾಬು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು, 2010ರ ಮಾರ್ಚ್‌ನಲ್ಲಿ ನಿಷೇಧವನ್ನು ಹೈಕೋರ್ಟ್ ಎತ್ತಿಹಿಡಿಯಿತು. ಮದ್ದೂರಿನ ಚೆಕ್‌ಪೋಸ್ಟಿನಲ್ಲಿ ರಾತ್ರಿ ಗೇಟು ಬೀಳುವುದು ಆ ವಕೀಲಿಕೆಯಿಂದ. ಪರಿಸರ ಕಾನೂನು ಮಹಾನಗರದ ವಿಚಾರಗೋಷ್ಠಿಗಳ ವಿಷಯವೆಂದು ಭಾವಿಸಿದವರು ಈ ಗೇಟಿನ ಮುಂದೆ ಒಂದು ರಾತ್ರಿ ನಿಲ್ಲಲಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ ಆರೋಪ. ವಕೀಲಿಕೆಯ ಏಣಿಯಲ್ಲಿ ಅರಣ್ಯ ಹಕ್ಕಿಗೆ ಜಾಗವಿಲ್ಲದ್ದರಿಂದ ಆದಿವಾಸಿಗಳು ಕಾಯ್ದೆ ಇದ್ದೂ ಸೋಲುತ್ತಿದ್ದಾರೆ. 2006ರ ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಮೀನಿನಲ್ಲಿರುವ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಸಿಗಬೇಕು. ಅರ್ಜಿ ಮೊದಲು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಮಟ್ಟದ ಸಮಿತಿಗೆ, ನಂತರ ಜಿಲ್ಲಾ ಸಮಿತಿಗೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಹಾಕಬೇಕು. ರಾಜ್ಯದಲ್ಲಿ ಸಲ್ಲಿಕೆಯಾದ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಿರಸ್ಕೃತವಾಗಿವೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸಲು ಆದೇಶಿಸಿದಾಗ ದೇಶದ ಹಾಡಿಗಳಿಗೆ ಹಾಡಿಗಳೇ ನಡುಗಿದವು. ಆ ತಿಂಗಳ 28ರಂದು ಆದೇಶಕ್ಕೆ ತಡೆ ಸಿಕ್ಕಿತು, ಆತಂಕ ಮಾತ್ರ ಹಾಗೇ ಉಳಿಯಿತು.

ಈ ಅರ್ಜಿಯಲ್ಲಿ ವಕೀಲರಿಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಕಾಯ್ದೆಯ ನಿಯಮ 13 ಓದಿದರೆ ತಿಳಿಯುತ್ತದೆ. ಸರ್ಕಾರಿ ಕಾಗದ ಇಲ್ಲದವರು ಸಮಾಧಿ, ಬಾವಿ, ಪೂಜಾಸ್ಥಳದಂಥ ಕುರುಹುಗಳನ್ನು ತೋರಿಸಬಹುದು, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿ ಸಾಕ್ಷ್ಯವಾಗಿ ಕೊಡಬಹುದು. ಸೋಲಿಗರ ಒಂದು ಕುಲಕ್ಕೆ ಸೇರಿದ ಕಾಡಿನ ಭಾಗಕ್ಕೆ ಯೆಲ್ಲೆ ಎನ್ನುತ್ತಾರೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳಿರುತ್ತವೆ. ಯಜಮಾನನ ಜೊತೆ ನಡೆದು, ಪ್ರತಿ ತಾಣವನ್ನು ನಕ್ಷೆಯಲ್ಲಿ ಗುರುತಿಸಿ, ಅವನ ಮಾತನ್ನು ಅವನ ಮಾತಿನಲ್ಲೇ ಬರೆದು, ಹೆಬ್ಬೆಟ್ಟು ಹಾಕಿಸಿ, ಗ್ರಾಮಸಭೆಯ ನಿರ್ಣಯದೊಂದಿಗೆ ಸೇರಿಸಿದರೆ ಅದು ತಳ್ಳಿಹಾಕಲಾಗದ ಕಡತವಾಗುತ್ತದೆ. ಹಾಗೆ ಮಾಡದೆ ‘ದಾಖಲೆ ಇಲ್ಲ’ ಎಂಬ ಎರಡು ಪದದ ಹಿಂಬರಹಕ್ಕೆ ಬಲಿಯಾದ ಅರ್ಜಿಗಳಿಗೆ ಯಾರು ಹೊಣೆ? ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಮನ್ನಣೆಯಾಯಿತು. ದೇಶಕ್ಕೇ ಮಾದರಿಯಾದ ಆ ಗೆಲುವು ಸೋಲಿಗರ ಸಂಘಟನೆ ಮತ್ತು ಅವರೊಂದಿಗೆ ಕೂತು ದಾಖಲೆ ಕಟ್ಟಿದವರ ದುಡಿಮೆಯಿಂದ ಬಂತು. ಯಳಂದೂರಿನ ಬೆಟ್ಟದಲ್ಲಿ ಆದದ್ದು ಗುಂಡ್ಲುಪೇಟೆಯ ಕಾಡಂಚಿನಲ್ಲಿ ಯಾಕೆ ಆಗಬಾರದು?

ಆಗದಿರುವುದಕ್ಕೆ ಕಾನೂನು ಶಿಕ್ಷಣದ ಪಾಲು ದೊಡ್ಡದಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು 1980ರ ದಶಕದಲ್ಲಿ ಎನ್.ಆರ್. ಮಾಧವ ಮೆನನ್ ಕಟ್ಟಿದಾಗ ಸಮಾಜಕ್ಕೆ ಬೇಕಾದ ವಕೀಲರನ್ನು ತಯಾರಿಸುವ ಆಸೆ ಅದರ ಹಿಂದಿತ್ತು. ಇಂದು ಅಂಥ ಶಾಲೆಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ, ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿ. ಅಲ್ಲಿಂದ ಹೊರಬಂದವರಲ್ಲಿ ಗುಂಡ್ಲುಪೇಟೆಯ ಕೋರ್ಟಿನಲ್ಲಿ ವಕಾಲತ್ತು ಹಾಕಿದವರನ್ನು ಹುಡುಕಿದರೂ ಸಿಗುವುದು ಕಷ್ಟ. ಹಾಗೆಂದು ನಮ್ಮ ಊರಿನ ಮಕ್ಕಳು ಓದುವ ಕಾಲೇಜುಗಳು ಬೇರೆ ಪಾಠ ಕಲಿಸುತ್ತಿವೆಯೇ? ಮೂರು ಅಥವಾ ಐದು ವರ್ಷ ಓದಿ ಪದವಿ ಪಡೆದವರು ಪಹಣಿಯನ್ನು ಓದಲಾರರು, ಜಾಮೀನು ಅರ್ಜಿಯನ್ನು ಕನ್ನಡದಲ್ಲಿ ಬರೆಯಲಾರರು. ತಾಲ್ಲೂಕು ನ್ಯಾಯಾಲಯದ ಭಾಷೆ ಕನ್ನಡ, ಕನ್ನಡದಲ್ಲಿ ತೀರ್ಪು ಬರೆದ ನ್ಯಾಯಾಧೀಶರಿಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಪ್ರಶಸ್ತಿಯನ್ನೂ ಕೊಡುತ್ತದೆ. ಆದರೂ ಕನ್ನಡದಲ್ಲಿ ವಾದಿಸುವವರನ್ನು ಇಂಗ್ಲಿಷ್ ಬಾರದವರು ಎಂದು ಪಕ್ಕಕ್ಕಿಡುವ ರೋಗ ವೃತ್ತಿಯೊಳಗೇ ಇದೆ.

ಪ್ರತಿಭೆ ತಾನಾಗಿ ಮೇಲೇರುತ್ತದೆ ಎಂಬ ಮಾತಿಗೆ ಬರೋಣ. ಮೊದಲ ಐದು ವರ್ಷ ವಕೀಲಿಕೆಯಲ್ಲಿ ಕೈಗೆ ಕಾಸು ಹುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಜೂನಿಯರ್ ಬೆಳಿಗ್ಗೆ ಸೀನಿಯರ್ ಕಚೇರಿಯಲ್ಲಿ ಕಡತ ಜೋಡಿಸುತ್ತಾರೆ, ಹಗಲೆಲ್ಲ ಕೋರ್ಟಿನಲ್ಲಿ ಹಾಜರಿ ಹೇಳಿ ವಾಯಿದೆ ಕೇಳುತ್ತಾರೆ, ಸಂಜೆ ಮತ್ತೆ ಕಚೇರಿ. ತಿಂಗಳ ಕೊನೆಗೆ ಸಿಗುವುದು ಬಸ್ ಚಾರ್ಜು, ಅದೂ ಸೀನಿಯರ್ ಮನಸ್ಸು ಮಾಡಿದರೆ. ಇದನ್ನು ತಡೆದುಕೊಳ್ಳುವವರು ಯಾರು? ಅಪ್ಪ ವಕೀಲರಾಗಿದ್ದವರು, ಮನೆಯಲ್ಲಿ ಜಮೀನು ಇದ್ದವರು, ಸಂಬಳ ತರುವ ಇನ್ನೊಬ್ಬರು ಇದ್ದವರು. ಹಾಡಿಯಿಂದ, ದಲಿತ ಕೇರಿಯಿಂದ ಓದಿ ಬಂದ ಮೊದಲ ತಲೆಮಾರಿನ ಹುಡುಗಿ ಎರಡು ವರ್ಷದಲ್ಲಿ ಕರಿ ಕೋಟು ಮಡಚಿಟ್ಟು ಯಾವುದೋ ಖಾಸಗಿ ಕಂಪನಿಯ ಸಾಲ ವಸೂಲಿ ವಿಭಾಗಕ್ಕೆ ಸೇರುತ್ತಾಳೆ. ಅವಳಿಗೆ ಪ್ರತಿಭೆ ಇರಲಿಲ್ಲವೇ?

ಸನ್ನದು ಪಡೆಯುವ ಹೊಸ್ತಿಲಲ್ಲೇ ಸಾವಿರಾರು ರೂಪಾಯಿ ಸುಲಿಯಲಾಗುತ್ತಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ಅದು ಕಾನೂನುಬಾಹಿರವೆಂದಿತು. ಕಾಯ್ದೆ ಹೇಳುವ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಗೌರವಧನ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ. 2025ರ ಮೇ 20ರಂದು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅನುಭವ ಬೇಕು ಎಂಬುದು ಸರಿ. ಆದರೆ ಆ ಮೂರು ವರ್ಷ ಬಡವರ ಮಕ್ಕಳು ಏನು ತಿಂದು ಬದುಕಬೇಕು? ಇದಕ್ಕೆ ಉತ್ತರ ಕೊಡದಿದ್ದರೆ ನ್ಯಾಯಾಧೀಶರ ಪೀಠದಿಂದಲೂ ಅವರು ಮರೆಯಾಗುತ್ತಾರೆ.

ಸರ್ಕಾರದ ಮೇಲಿನ ಆರೋಪ ಇದಕ್ಕೆ ಹೊಂದಿಕೊಂಡೇ ಇದೆ. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವಿನ ಮಾತಾಡುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು ಆದಾಯ ಎಷ್ಟಿದ್ದರೂ ನೆರವಿಗೆ ಅರ್ಹರು. ಆದಿವಾಸಿಗಳ ಹಕ್ಕಿಗೆಂದೇ 2015ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಯೋಜನೆಯೊಂದನ್ನು ರೂಪಿಸಿತು. 2022ರಲ್ಲಿ ಕ್ರಿಮಿನಲ್ ಪ್ರಕರಣಗಳಿಗೆ ಪೂರ್ಣಾವಧಿ ಸಂಬಳದ ರಕ್ಷಣಾ ವಕೀಲರ ವ್ಯವಸ್ಥೆ ಬಂತು. ಒಳ್ಳೆಯದೇ. ಆದರೆ ಅರಣ್ಯ ಹಕ್ಕಿಗೆ, ಪಿಟಿಸಿಎಲ್ ಜಮೀನಿಗೆ, ಕಾರ್ಮಿಕ ಪರಿಹಾರಕ್ಕೆ ಅಂಥ ಸಂಬಳದ ವಕೀಲರು ಎಲ್ಲಿದ್ದಾರೆ? 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆದರು. ಜಮೀನು ಕಳೆದುಕೊಂಡ ಕುಟುಂಬದ ಪರ ಉಪವಿಭಾಗಾಧಿಕಾರಿಯ ಮುಂದೆ ನಿಂತು ಆ ತಿದ್ದುಪಡಿಯನ್ನು ಬಳಸುವವರಿಲ್ಲದಿದ್ದರೆ ಅದು ರಾಜ್ಯಪತ್ರದಲ್ಲೇ ಉಳಿಯುತ್ತದೆ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲು ಗಣಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತರು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಪ್ರಾಣ ಬಿಟ್ಟರು. ಪ್ರತಿ ದುರಂತದ ಮರುದಿನ ಮಂತ್ರಿಗಳು ಬರುತ್ತಾರೆ, ಕ್ಯಾಮೆರಾಗಳು ಬರುತ್ತವೆ. ಮುಂದಿನ ಹತ್ತು ವರ್ಷ ಆ ಕುಟುಂಬಗಳ ಜೊತೆ ಕೋರ್ಟಿಗೆ ಬರಬೇಕಾದ ವಕೀಲರನ್ನು ಬೆಳೆಸುವ ಹೊಣೆ ಯಾರೂ ಹೊತ್ತಿಲ್ಲ.

ವಕೀಲರ ಸಮುದಾಯವೂ ಈ ತಪ್ಪಿನಿಂದ ಹೊರಗಿಲ್ಲ. ಕಿರಿಯರಿಗೆ ಗೌರವಧನ ಕೊಡದ ಹಿರಿಯರು, ಕೌಟುಂಬಿಕ ಪ್ರಕರಣಗಳನ್ನಷ್ಟೇ ಹೆಣ್ಣುಮಕ್ಕಳಿಗೆ ತಳ್ಳಿ ಸಿವಿಲ್, ಕ್ರಿಮಿನಲ್ ಕಡತಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವವರು, ದಲ್ಲಾಳಿಗಳನ್ನು ಸಾಕುವವರು, ಎಲ್ಲರೂ ಸೇರಿಯೇ ತಾಲ್ಲೂಕು ಕೋರ್ಟಿನ ಮರ್ಯಾದೆ ಕಳೆದಿದ್ದಾರೆ. ಕೌಟುಂಬಿಕ ಪ್ರಕರಣ ಅಗ್ಗವೆನ್ನುವವರು ಹಾಸನದ ಕಡೆ ನೋಡಲಿ. ಬಾನು ಮುಷ್ತಾಕ್ ದಶಕಗಳ ಕಾಲ ಅಲ್ಲಿ ವಕೀಲಿಕೆ ಮಾಡಿದವರು. ನೋವು ಹೇಳಿಕೊಂಡು ಬಂದ ಹೆಣ್ಣುಮಕ್ಕಳ ಬದುಕು ಅವರ ಕಥೆಗಳಲ್ಲಿದೆ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಕನ್ನಡ ಹುಟ್ಟಿದ್ದು ಜಿಲ್ಲಾ ಕೇಂದ್ರವೊಂದರ ವಕೀಲರ ಅನುಭವದಿಂದ. ಎಸ್. ನಿಜಲಿಂಗಪ್ಪ ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿ ರಾಜ್ಯವನ್ನು ಆಳಿದರು. ಕಲಬುರಗಿಯಲ್ಲಿ ವೃತ್ತಿ ಶುರು ಮಾಡಿದ ಶಿವರಾಜ ಪಾಟೀಲರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಕಾರ್ಮಿಕರ ಪರ ವಾದಿಸುತ್ತ ಬೆಳೆದ ವಿ. ಗೋಪಾಲಗೌಡರು ಅದೇ ಪೀಠದಲ್ಲಿ ಕೂತು 2016ರಲ್ಲಿ ಸಿಂಗೂರಿನ ರೈತರಿಗೆ ಭೂಮಿ ಮರಳಿಸುವ ತೀರ್ಪು ಕೊಟ್ಟರು. ಇವರ ಹಾದಿಯನ್ನು ಸೋಲಿನ ಹಾದಿ ಎನ್ನಲು ಸಾಧ್ಯವೇ?

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ತಾಲ್ಲೂಕು ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡುವ ಪ್ರತಿ ಹೊಸ ವಕೀಲರಿಗೂ ಮೂರು ವರ್ಷ ತಿಂಗಳಿಗೆ 15,000 ರೂಪಾಯಿ ಗೌರವಧನವನ್ನು ರಾಜ್ಯ ಸರ್ಕಾರ ಮತ್ತು ರಾಜ್ಯ ವಕೀಲರ ಪರಿಷತ್ತು ಸೇರಿ ಕೊಡಬೇಕು. ಭಾರತೀಯ ವಕೀಲರ ಪರಿಷತ್ತಿನ ಸುತ್ತೋಲೆ ಕಡ್ಡಾಯ ನಿಯಮವಾಗಬೇಕು. ರಾಜ್ಯ ಕಾನೂನು ವಿಶ್ವವಿದ್ಯಾಲಯ ಒಂದು ಸೆಮಿಸ್ಟರ್ ಪೂರ್ತಿ ತಾಲ್ಲೂಕು ಕೋರ್ಟು, ತಹಶೀಲ್ದಾರ್ ಕಚೇರಿ, ಗ್ರಾಮಸಭೆಗಳಲ್ಲಿ ತರಬೇತಿಯನ್ನು ಅಂಕಗಳೊಂದಿಗೆ ಇಡಬೇಕು, ಪಹಣಿಯಿಂದ ಪಾಟಿ ಸವಾಲಿನವರೆಗೆ ಕನ್ನಡದಲ್ಲಿ ಕಲಿಸಬೇಕು. ಹಿರಿಯ ವಕೀಲರ ಪದನಾಮಕ್ಕೆ ವಿಚಾರಣಾ ನ್ಯಾಯಾಲಯಗಳ ವಕೀಲರನ್ನೂ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟೇ 2025ರ ಮೇ ತಿಂಗಳಲ್ಲಿ ಹೇಳಿದೆ. ಹೈಕೋರ್ಟ್ ಅದನ್ನು ಜಾರಿಗೆ ತಂದು ತೋರಿಸಬೇಕು. ಗುಂಡ್ಲುಪೇಟೆಯ ವಕೀಲರ ಸಂಘ ಜೂನಿಯರ್‌ಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಸಿವಿಲ್, ಕ್ರಿಮಿನಲ್ ಕಡತಗಳನ್ನು ಹಂಚುವ ಪದ್ಧತಿ ತರಬೇಕು.

ಇವೆಲ್ಲಕ್ಕೂ ಮೊದಲು, ಯಾವ ಹೊಸ ಕಾಯ್ದೆಗೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಚಾಮರಾಜನಗರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ತಿರಸ್ಕೃತವಾದ ಅರಣ್ಯ ಹಕ್ಕಿನ ಅರ್ಜಿಗಳ ಪಟ್ಟಿಯನ್ನು ಹಾಡಿವಾರು ಪ್ರಕಟಿಸಲಿ. ಪ್ರತಿ ಅರ್ಜಿಗೂ ಕಾರಣ ಬರೆದ ಆದೇಶದ ಪ್ರತಿಯನ್ನು ಅರ್ಜಿದಾರರ ಕೈಗೆ ಕೊಡಿಸಲಿ. ಪ್ರತಿ ಹಾಡಿಗೂ ಒಬ್ಬ ಹಿರಿಯ, ಒಬ್ಬ ಕಿರಿಯ ವಕೀಲರನ್ನು ನ್ಯಾಯಯುತ ಶುಲ್ಕ ಕೊಟ್ಟು ನೇಮಿಸಲಿ. ಮದ್ದೂರು ವಲಯದ ಅಂಚಿನ ಹಾಡಿಗಳಿಂದಲೇ ಈ ಕೆಲಸ ಶುರುವಾಗಲಿ, ಆ ಕಡತಗಳನ್ನು ಹಿಡಿದು ಮೊದಲು ಹೋಗುವ ವಕೀಲರ ಹೆಸರನ್ನು ವಕೀಲರ ಸಂಘ ತನ್ನ ಫಲಕದ ಮೇಲ್ಭಾಗದಲ್ಲಿ ಬರೆಸಲಿ.